ಡಯಾಟಮ್ ಮಣ್ಣು: ಹುಳುವನ್ನು ಒಣಗಿಸಿ ಕೊಲ್ಲುವ ಪುಡಿ ಮತ್ತು ಅದರ ಮಿತಿಗಳು

ಸಾವಯವ ಕೃಷಿಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿಯೂ ಆನ್‌ಲೈನ್ ಮಾರುಕಟ್ಟೆಯಲ್ಲಿಯೂ ಡಯಾಟಮೇಶಿಯಸ್ ಅರ್ತ್ ಅಥವಾ ಡಿಇ ಪುಡಿ ಎಂಬ ಹೆಸರಿನ, ಬಹಳ ನಯವಾದ, ಬೂದು ಬಿಳುಪಿನ ಪುಡಿ ಸಿಗುತ್ತದೆ. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಎರಡು ಭರವಸೆಗಳಿರುತ್ತವೆ: ಇದು ರಾಸಾಯನಿಕ ವಿಷವಿಲ್ಲದೆ ಕೀಟಗಳನ್ನು ಕೊಲ್ಲುತ್ತದೆ, ಜೊತೆಗೆ ತೇವವನ್ನೂ ಹೀರಿಕೊಳ್ಳುತ್ತದೆ. ಎರಡೂ ಸುಳ್ಳಲ್ಲ. ಆದರೆ ಈ ಎರಡು ಕೆಲಸಗಳಿಗೂ ಕಾರಣವಾದ ಗುಣ ಒಂದೇ ಆಗಿರುವುದರಿಂದ, ಪುಡಿ ತೇವವನ್ನು ಕುಡಿದಷ್ಟೂ ಅದಕ್ಕೆ ಹುಳುವನ್ನು ಕೊಲ್ಲುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಹಸಿ ಕಾಳನ್ನು ಒಣಗಿಸಲೆಂದು ಈ ಪುಡಿಯನ್ನು ಬೆರೆಸಿದವರಿಗೆ ಕಾಳೂ ಒಣಗುವುದಿಲ್ಲ, ನುಸಿಯೂ ಸಾಯುವುದಿಲ್ಲ. ಮೊದಲು ಒಣಗಿಸಿ ಆಮೇಲೆ ಪುಡಿ ಬೆರೆಸಿದವರಿಗೆ ಮಾತ್ರ ಇದು ನಂಬಿಕೆಗೆ ತಕ್ಕ ಕೆಲಸ ಮಾಡಿಕೊಡುತ್ತದೆ. ಈ ವ್ಯತ್ಯಾಸ ಏಕೆ ಬರುತ್ತದೆ ಎಂಬುದನ್ನು ತಿಳಿಯಬೇಕಾದರೆ ಪುಡಿಯ ಮೂಲದಿಂದಲೇ ಆರಂಭಿಸಬೇಕು.

ಡಯಾಟಮ್‌ಗಳು ಕೆರೆ, ಹೊಳೆ, ಸಮುದ್ರಗಳ ನೀರಿನಲ್ಲಿ ಬದುಕುವ ಏಕಕೋಶ ಪಾಚಿಗಳು. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೆಯ ಒಂದು ಭಾಗ ಇವುಗಳದ್ದೇ ಎಂದು ಅಂದಾಜಿಸಲಾಗಿದೆ. ಪ್ರತಿಯೊಂದು ಡಯಾಟಮ್ ನೀರಿನಲ್ಲಿ ಕರಗಿರುವ ಸಿಲಿಕವನ್ನು, ಅಂದರೆ ಮರಳಿನಲ್ಲಿ ಹೆಚ್ಚಾಗಿರುವ ಖನಿಜವನ್ನು, ಹೆಕ್ಕಿಕೊಂಡು ತನ್ನ ಸುತ್ತ ಒಂದು ಗಟ್ಟಿ ಕವಚವನ್ನು ಕಟ್ಟಿಕೊಳ್ಳುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎಂದು ಕರೆದರೆ, ಹೆಚ್ಚಿನ ಕವಚಗಳ ಅಳತೆ ಕೆಲವೇ ಮೈಕ್ರಾನ್‌ಗಳಿಂದ 200 ಮೈಕ್ರಾನ್‌ವರೆಗೆ ಇರುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಈ ಕವಚದ ತುಂಬ ಸಾಲುಸಾಲಾದ ರಂಧ್ರಗಳು ಕಾಣುತ್ತವೆ. ಪಾಚಿ ಸತ್ತ ಮೇಲೆ ಕೊಳೆಯದ ಈ ಕವಚಗಳು ತಳಕ್ಕಿಳಿದು, ಲಕ್ಷಾಂತರ ವರ್ಷ ಪದರ ಪದರವಾಗಿ ಕೂತು, ಹಗುರವಾದ ಬಿಳಿ ಕಲ್ಲಾಗುತ್ತವೆ. ಕ್ಯಾಲಿಫೋರ್ನಿಯಾದ ಲೊಂಪೊಕ್‌ನಲ್ಲಿರುವುದು ಸಮುದ್ರದ ತಳದಲ್ಲಿ ಉಂಟಾದ ನಿಕ್ಷೇಪ. ಜರ್ಮನಿಯ ಲ್ಯೂನೆಬುರ್ಗ್ ಪ್ರದೇಶದ್ದು ಸಿಹಿನೀರಿನ ಸರೋವರಗಳಲ್ಲಿ ಉಂಟಾದದ್ದು. ಆ ಕಲ್ಲನ್ನು ಅಗೆದು, ಒಣಗಿಸಿ, ಪುಡಿ ಮಾಡಿದರೆ ಸಿಗುವುದೇ ಡಯಾಟಮ್ ಮಣ್ಣು. ಇದರಲ್ಲಿ ಸಾಮಾನ್ಯವಾಗಿ ಶೇ. 80ರಿಂದ 90ರಷ್ಟು ಸಿಲಿಕ ಇರುತ್ತದೆ. ಉಳಿದದ್ದು ಜೇಡಿ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ಆಕ್ಸೈಡುಗಳು. ರಂಧ್ರಗಳಿಂದ ತುಂಬಿದ ಈ ರಚನೆಯ ಹೀರುವ ಶಕ್ತಿಯನ್ನು ಜಗತ್ತು ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಸ್ಫೋಟಕಕ್ಕೆ: 1867ರಲ್ಲಿ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದ ಡೈನಮೈಟ್ ಎಂದರೆ ಇದೇ ಮಣ್ಣಿಗೆ ನೈಟ್ರೋಗ್ಲಿಸರಿನ್ ಕುಡಿಸಿ ಮಾಡಿದ ಕಡ್ಡಿ.

ಹುಳುವಿನ ಮೇಲೆ ಈ ಪುಡಿ ಮಾಡುವ ಕೆಲಸ ರಾಸಾಯನಿಕ ವಿಷದ ಕೆಲಸವಲ್ಲ. ನುಸಿಯಂತಹ ಸಣ್ಣ ಕೀಟದ ಗಾತ್ರಕ್ಕೆ ಹೋಲಿಸಿದರೆ ಅದರ ಮೈಯ ಮೇಲ್ಮೈ ಬಹಳ ದೊಡ್ಡದು. ತಡೆಯೇನೂ ಇರದಿದ್ದರೆ ಒಳಗಿನ ನೀರು ಕೆಲವೇ ಗಂಟೆಗಳಲ್ಲಿ ಆವಿಯಾಗಿ ಹೋಗಬೇಕು. ಹಾಗಾಗದಂತೆ ಕಾಯುವುದು ಅದರ ಹೊರಚರ್ಮದ ಮೇಲಿರುವ ಅತ್ಯಂತ ತೆಳುವಾದ ಮೇಣದ ಪದರ. ಕೀಟ ಪುಡಿಯ ಮೇಲೆ ನಡೆದಾಗ ಕಣಗಳು ಅದರ ಕಾಲು, ಹೊಟ್ಟೆ, ಕೀಲುಗಳ ಸಂದಿಗೆ ಅಂಟಿಕೊಳ್ಳುತ್ತವೆ. ಬಟ್ಟೆಯ ಮೇಲಿನ ಎಣ್ಣೆಯ ಕಲೆಗೆ ಕಡಲೆಹಿಟ್ಟು ಉದುರಿಸಿದಾಗ ಹಿಟ್ಟು ಎಣ್ಣೆಯನ್ನು ಎಳೆದುಕೊಳ್ಳುವಂತೆ, ಡಯಾಟಮ್ ಕಣಗಳ ರಂಧ್ರಗಳು ಆ ಮೇಣವನ್ನು ತಮ್ಮೊಳಗೆ ಎಳೆದುಕೊಳ್ಳುತ್ತವೆ. ಮೇಣ ಹೋದ ಜಾಗದಿಂದ ನೀರು ಸೋರಿಹೋಗಿ, ಮೈಯ ನೀರಿನಲ್ಲಿ ಬಹುಪಾಲನ್ನು ಕಳೆದುಕೊಂಡ ಕೀಟ ಒಣಗಿ ಸಾಯುತ್ತದೆ. ಪುಡಿಯ ಚೂಪಾದ ಅಂಚುಗಳು ಗಾಜಿನ ಚೂರುಗಳಂತೆ ಹುಳುವನ್ನು ಕತ್ತರಿಸುತ್ತವೆ ಎಂಬ ಮಾತು ಎಲ್ಲೆಡೆ ಓದಲು ಸಿಗುತ್ತದೆ. ಒರಟು ಪುಡಿಗಳು ಮೇಣದ ಪದರವನ್ನು ಗೀರಿ ಹಾಳು ಮಾಡುತ್ತವೆ ಎಂಬುದನ್ನು ಬ್ರಿಟನ್ನಿನ ಕೀಟವಿಜ್ಞಾನಿ ವಿನ್ಸೆಂಟ್ ವಿಗಲ್ಸ್‌ವರ್ತ್ 1940ರ ದಶಕದಲ್ಲಿ ತೋರಿಸಿದ್ದು ನಿಜ. ಆದರೆ ಹೀರುವ ಪುಡಿಗಳ ಕುರಿತು 1971ರಲ್ಲಿ ದೀರ್ಘ ಸಮೀಕ್ಷೆ ಬರೆದ ಕ್ಯಾಲಿಫೋರ್ನಿಯಾದ ವಾಲ್ಟರ್ ಎಬಲಿಂಗ್ ಮತ್ತು ಅವರ ನಂತರದವರ ಕೆಲಸದಿಂದ, ಗೀರುವುದಕ್ಕಿಂತ ಮೇಣವನ್ನು ಹೀರುವುದೇ ಮುಖ್ಯ ಕಾರಣವೆಂದು ಸ್ಪಷ್ಟವಾಗಿದೆ. ಬಳಸುವವರಿಗೂ ಈ ಭೇದ ಮುಖ್ಯ. ಕತ್ತರಿಸುವುದೇ ಕೆಲಸವಾಗಿದ್ದರೆ ಒದ್ದೆ ಪುಡಿಯೂ ಕತ್ತರಿಸಬೇಕಿತ್ತು. ಹೀರುವುದು ಕೆಲಸವಾದ್ದರಿಂದಲೇ ರಂಧ್ರಗಳು ಖಾಲಿಯಾಗಿರಬೇಕು, ಪುಡಿ ಒಣಗಿರಬೇಕು.

ಈ ತತ್ತ್ವ ಕರ್ನಾಟಕಕ್ಕೆ ಹೊಸದಲ್ಲ. ಬಿತ್ತನೆಗೆ ಇಟ್ಟ ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟುವುದು, ಹುರುಳಿ, ಅಲಸಂದೆಗಳಿಗೆ ಒಲೆಯ ಬೂದಿ ಬೆರೆಸಿ ಗುಡಾಣದಲ್ಲಿ ತುಂಬುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಬೂದಿಯೂ ಜೇಡಿಯೂ ಕಾಳುಗಳ ನಡುವಿನ ಸಂದಿಯನ್ನು ತುಂಬಿ ಹುಳುವಿನ ಓಡಾಟವನ್ನು ತಡೆಯುತ್ತವೆ, ಜೊತೆಗೆ ಅದರ ಮೈಯನ್ನು ಒಣಗಿಸುತ್ತವೆ. ಇದನ್ನು ಆಧುನಿಕ ವಿಜ್ಞಾನದ ಅಳತೆಗೆ ಒಳಪಡಿಸಿದ ಕೆಲಸ ಮೈಸೂರಿನಲ್ಲಿಯೇ ನಡೆದಿದೆ: ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಮಜುಂದಾರ್, ನರಸಿಂಹನ್ ಮತ್ತು ಸುಬ್ರಹ್ಮಣ್ಯನ್ ಅವರು, ಸಂಸ್ಕರಿಸಿ ಚುರುಕುಗೊಳಿಸಿದ ಇದ್ದಿಲು ಮತ್ತು ಜೇಡಿಮಣ್ಣುಗಳಿಗೆ ಕೀಟಗಳನ್ನು ಕೊಲ್ಲುವ ಶಕ್ತಿ ಇದೆಯೆಂಬುದನ್ನು 1959ರಲ್ಲಿ ಪ್ರಕಟಿಸಿದರು. ಡಯಾಟಮ್ ಮಣ್ಣು ಇದೇ ಕುಟುಂಬಕ್ಕೆ ಸೇರಿದ್ದು. ಬೂದಿಯನ್ನು ಕಾಳಿನ ತೂಕದ ಹತ್ತನೆಯ ಒಂದು ಭಾಗ ಅಥವಾ ಇನ್ನೂ ಹೆಚ್ಚು ಬೆರೆಸಬೇಕಾದ ಕಡೆ ಇದನ್ನು ಸಾವಿರದ ಒಂದೆರಡು ಭಾಗ ಬೆರೆಸಿದರೆ ಸಾಕಾಗುತ್ತದೆ ಎಂಬುದೇ ದೊಡ್ಡ ಅನುಕೂಲ. ಆದರೂ ಸ್ವಂತ ಬೂದಿ, ಸ್ವಂತ ಕೆಮ್ಮಣ್ಣು ಕೈಗೆ ಸಿಗುವ, ಸ್ವಲ್ಪವೇ ಬೀಜ ಇಡಬೇಕಾದ ಮನೆಯವರು ಇದಕ್ಕಾಗಿ ದುಡ್ಡು ಕೊಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಪುಡಿ ಯಾವ ಹಂತದಲ್ಲಿ ಹುಳುವನ್ನು ಹಿಡಿಯುತ್ತದೆ ಎಂಬುದನ್ನು ಹೆಸರುಕಾಳಿನ ನುಸಿಯನ್ನು ಹತ್ತಿರದಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಹೆಣ್ಣು ಕಾಳಿನ ಹೊರಮೈಗೆ ಒಂದೊಂದೇ ಮೊಟ್ಟೆಯನ್ನು ಅಂಟಿಸುತ್ತದೆ. ಹಸಿರು ಕಾಳಿನ ಮೇಲೆ ಬರಿಗಣ್ಣಿಗೇ ಕಾಣುವ ಬಿಳಿ ಚುಕ್ಕಿ ಅದು. ನಾಲ್ಕೈದು ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಹೊರಗೆ ಬರದೆ, ಮೊಟ್ಟೆಯ ಅಡಿಯಿಂದಲೇ ನೇರವಾಗಿ ಕಾಳನ್ನು ಕೊರೆದು ಒಳಹೊಗುತ್ತದೆ. ಒಳಗೆ ತಿಂದು, ಕೋಶಾವಸ್ಥೆಯನ್ನು ಮುಗಿಸಿ, ಬೇಸಿಗೆಯ ಬಿಸಿಯಲ್ಲಿ ಮೂರು ನಾಲ್ಕು ವಾರಗಳ ಬಳಿಕ ದುಂಡನೆಯ ಕಿಂಡಿ ತೆಗೆದು ಹೊರಬರುತ್ತದೆ. ಮೊಟ್ಟೆಗೆ ಮತ್ತು ಕಾಳಿನೊಳಗಿನ ಮರಿಗೆ ಪುಡಿ ತಾಗುವುದೇ ಇಲ್ಲ. ಅದು ಹಿಡಿಯುವುದು ಹೊರಗೆ ಬಂದ ಪ್ರೌಢ ಕೀಟವನ್ನು. ಈ ಕೀಟಕ್ಕೆ ಆಹಾರ ಬೇಕಿಲ್ಲ, ಅದು ಬದುಕುವುದು ಒಂದೆರಡು ವಾರ ಮಾತ್ರ, ಮತ್ತು ಹೆಚ್ಚಿನ ಮೊಟ್ಟೆಗಳನ್ನು ಮೊದಲ ಕೆಲವೇ ದಿನಗಳಲ್ಲಿ ಇಟ್ಟುಬಿಡುತ್ತದೆ. ಡಯಾಟಮ್ ಪುಡಿ ಕೊಲ್ಲಲು ಕೆಲವು ದಿನ ತೆಗೆದುಕೊಳ್ಳುವುದರಿಂದ, ಆಗಲೇ ಹುಳು ತುಂಬಿದ ಕಾಳಿಗೆ ಪುಡಿ ಹಾಕಿದರೆ ಮುಂದಿನ ತಲೆಮಾರಿನ ಮೊಟ್ಟೆಗಳು ಅಷ್ಟರಲ್ಲಿ ಅಂಟಿ ಮುಗಿದಿರುತ್ತವೆ. ಆದ್ದರಿಂದ ಪುಡಿಯನ್ನು ಹುಳು ಕಂಡ ಮೇಲೆ ಹಾಕುವ ಔಷಧಿಯೆಂದು ತಿಳಿಯದೆ, ಒಣಗಿಸಿ ತುಂಬುವ ದಿನವೇ ಬೆರೆಸಬೇಕು. ಎಲ್ಲ ಕೀಟಗಳೂ ಇದಕ್ಕೆ ಸಮಾನವಾಗಿ ಸೋಲುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು: ಅಕ್ಕಿಯ ಮೂತಿಹುಳು ಬೇಗ ಸಾಯುತ್ತದೆ, ಹಿಟ್ಟಿನ ಕೆಂಪು ದುಂಬಿ ಮತ್ತು ಭತ್ತ, ಗೋಧಿಗಳ ಸಣ್ಣ ಕೊರಕ ಬಹಳ ಹೊತ್ತು ತಡೆದುಕೊಳ್ಳುತ್ತವೆ. ರಾಗಿಯ ಕಾಳು ಒಳಗೆ ಮರಿ ಬೆಳೆಯಲು ಸಾಲದಷ್ಟು ಸಣ್ಣದಾದ್ದರಿಂದ ಅದಕ್ಕೆ ಈ ಪುಡಿಯ ಅಗತ್ಯ ಬೀಳುವುದೇ ಅಪರೂಪ.

ಇನ್ನು ತೇವದ ವಿಷಯ. ಒಂದು ಟನ್ ಭತ್ತವನ್ನು ಶೇ. 14ರ ತೇವಾಂಶದಿಂದ ಶೇ. 12ಕ್ಕೆ ಇಳಿಸಬೇಕಾದರೆ ಅದರಿಂದ ಸುಮಾರು 23 ಕಿಲೋ ನೀರು ಹೊರಹೋಗಬೇಕು. ಒಂದು ಟನ್ನಿಗೆ ಬೆರೆಸುವ ಡಯಾಟಮ್ ಪುಡಿ ಒಂದೆರಡು ಕಿಲೋ. ಅದು ತನ್ನ ತೂಕದಷ್ಟೇ ನೀರನ್ನು ಹೀರುತ್ತದೆಂದು ಉದಾರವಾಗಿ ಒಪ್ಪಿಕೊಂಡರೂ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ, ಮತ್ತು ಆ ಹೊತ್ತಿಗೆ ಪುಡಿಯ ರಂಧ್ರಗಳು ತುಂಬಿ ಕೀಟದ ಮೇಣಕ್ಕೆ ಜಾಗವೇ ಉಳಿದಿರುವುದಿಲ್ಲ. ವಾಸ್ತವದಲ್ಲಿ ಅಷ್ಟೂ ಆಗುವುದಿಲ್ಲ, ಏಕೆಂದರೆ ದ್ರವವಾದ ನೀರನ್ನು ಹೀರುವುದೂ ಗಾಳಿಯಲ್ಲಿರುವ ಆವಿಯನ್ನು ಹಿಡಿಯುವುದೂ ಬೇರೆ ಬೇರೆ ಕೆಲಸಗಳು. ಚೆಲ್ಲಿದ ನೀರಿನ ಮೇಲೆ ಡಯಾಟಮ್ ಪುಡಿಯನ್ನು ಹರಡಿದರೆ ಅದರ ರಂಧ್ರಗಳು ತಮ್ಮ ತೂಕದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ನೀರನ್ನು ಎಳೆದುಕೊಳ್ಳುತ್ತವೆ. ಆದರೆ ಆವಿಯನ್ನು ಹಿಡಿದು ನಿಲ್ಲಿಸಲು ರಂಧ್ರಗಳು ಇನ್ನೂ ನೂರಾರು ಪಟ್ಟು ಕಿರಿದಾಗಿರಬೇಕು. ಔಷಧಿಯ ಬಾಟಲಿಗಳಲ್ಲಿ, ಹೊಸ ಚಪ್ಪಲಿಯ ಡಬ್ಬಿಗಳಲ್ಲಿ ಸಿಗುವ ಸಿಲಿಕ ಜೆಲ್‌ನ ರಂಧ್ರಗಳು ಅಂಥವು. ಅದರ ಒಂದು ಗ್ರಾಮಿನ ಒಳಮೇಲ್ಮೈ ಆರೇಳು ನೂರು ಚದರ ಮೀಟರ್ ಆಗುತ್ತದೆ, ತೇವದ ಗಾಳಿಯಿಂದ ತನ್ನ ತೂಕದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ನೀರನ್ನು ಅದು ಹಿಡಿಯಬಲ್ಲದು. ಸಹಜ ಡಯಾಟಮ್ ಮಣ್ಣಿನ ಮೇಲ್ಮೈ ಗ್ರಾಮಿಗೆ ಕೆಲವು ಹತ್ತು ಚದರ ಮೀಟರುಗಳಷ್ಟು ಮಾತ್ರ. ಎರಡೂ ಸಿಲಿಕವೇ ಆಗಿದ್ದರೂ ಕಪಾಟಿನ ತೇವ ತೆಗೆಯಲು ಸಿಲಿಕ ಜೆಲ್ ತರುವುದೇ ಸರಿ. ಸ್ನಾನದ ಮನೆಯ ಬಾಗಿಲಲ್ಲಿ ಇಡುವ, ಜಪಾನಿನಿಂದ ಬಂದ ಕಲ್ಲಿನಂತಹ ಕಾಲೊರಸುಗಳು ಇದೇ ಡಯಾಟಮ್ ಮಣ್ಣಿನವು, ಮತ್ತು ಅವು ಅಷ್ಟು ಚೆನ್ನಾಗಿ ಕೆಲಸ ಮಾಡುವುದು ಪಾದದಿಂದ ಇಳಿಯುವುದು ದ್ರವವಾದ ನೀರು ಎಂಬ ಕಾರಣಕ್ಕೆ.

ಹಾಗಾದರೆ ಕಾಳನ್ನು ಒಣಗಿಸುವುದು ಬಿಸಿಲೇ, ಅಥವಾ ಒಣಗಿಸುವ ಯಂತ್ರವೇ. ಬೀಜ ಪ್ರಮಾಣೀಕರಣದ ಮಾನದಂಡಗಳು ಸಾಮಾನ್ಯ ಚೀಲಗಳಲ್ಲಿ ಇಡುವ ಬೇಳೆಕಾಳಿನ ಬೀಜಕ್ಕೆ ಶೇ. 9, ಭತ್ತಕ್ಕೆ ಶೇ. 13ರ ಗರಿಷ್ಠ ತೇವಾಂಶವನ್ನು ಗೊತ್ತುಮಾಡಿವೆ. ತೇವಮಾಪಕ ಇಲ್ಲದವರಿಗೆ ಕೃಷಿ ವಿಸ್ತರಣೆಯವರು ಹೇಳಿಕೊಡುವ ಸರಳ ಪರೀಕ್ಷೆಯೊಂದಿದೆ: ಒಣಗಿದ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಕಾಳು ತುಂಬಿ, ಚೆನ್ನಾಗಿ ಹುರಿದೋ ಬಿಸಿಲಿಗಿಟ್ಟೋ ಒಣಗಿಸಿದ ಪುಡಿಯುಪ್ಪನ್ನು ಎರಡು ಮೂರು ಚಮಚ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ. 15ಕ್ಕಿಂತ ಹೆಚ್ಚಿದೆಯೆಂದು ಅರ್ಥ. ಅಂತಹ ಕಾಳಿಗೆ ಯಾವ ಪುಡಿಯೂ ಬೇಡ, ಮತ್ತೆ ಬಿಸಿಲೇ ಬೇಕು. ಉಪ್ಪು ಅಂಟದೆ ತಳಕ್ಕೆ ಉದುರಿದರೂ ಬೇಳೆಕಾಳಿಗೆ ಅಷ್ಟೇ ಸಾಲದು, ಹಲ್ಲಿನಲ್ಲಿ ಕಚ್ಚಿದಾಗ ಕಟ್ಟೆಂದು ಒಡೆಯುವವರೆಗೆ ಒಣಗಿಸಬೇಕು. ಬಿಸಿಲಿನಿಂದ ತೆಗೆದ ಕಾಳು ಪೂರ್ತಿ ಆರಿದ ಮೇಲೆಯೇ ಪುಡಿ ಬೆರೆಸಬೇಕು. ಬಿಸಿಯಿದ್ದಾಗಲೇ ತುಂಬಿದರೆ ಡ್ರಮ್ಮಿನ ಒಳಗೋಡೆಯಲ್ಲಿ ಬೆವರು ಕಟ್ಟಿ ಆ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ.

ಪ್ರಮಾಣದ ವಿಷಯದಲ್ಲಿ ಪೊಟ್ಟಣದ ಮೇಲಿನ ಸೂಚನೆಯೇ ಮೊದಲ ಆಧಾರ. ಧಾನ್ಯಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಕಿಲೋಗೆ ಒಂದರಿಂದ ಎರಡು ಗ್ರಾಮಿನ ಆಸುಪಾಸು. ಹತ್ತು ಕಿಲೋ ಕಾಳಿಗೆ ಹತ್ತು ಇಪ್ಪತ್ತು ಗ್ರಾಂ ಎಂದರೆ ಬಹಳ ಕಡಿಮೆ ಎನಿಸಬಹುದು, ಆದರೆ ಪುಡಿ ತೀರ ಹಗುರವಾದ್ದರಿಂದ ಕಾಳಿನ ಮೈಗೆಲ್ಲ ತೆಳುವಾಗಿ ಹತ್ತಲು ಅಷ್ಟು ಸಾಕು. ಟಾರ್ಪಾಲಿನ ಮೇಲೆ ಹರಡಿದ ಕಾಳಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ ಮಗುಚುತ್ತಾ ಹೋದರೆ ಹೆಸರಿನ ಹಸಿರು ಹೊಳಪು ಮಾಸಿ ಮಂಕಾಗುತ್ತದೆ. ಎಲ್ಲ ಕಾಳೂ ಒಂದೇ ತೆರನಾಗಿ ಮಂಕಾದಾಗ ಬೆರಕೆ ಸರಿಯಾಗಿದೆ. ಮೂಲೆಯಲ್ಲಿ ಬಿಳಿ ಗುಡ್ಡೆ ಉಳಿದಿದ್ದರೆ ಅಷ್ಟು ಪುಡಿ ವ್ಯರ್ಥವಾದಂತೆ.

ಬೆರೆಸಿದ ನಂತರವೂ ಗಾಳಿಯ ತೇವ ಸುಮ್ಮನಿರುವುದಿಲ್ಲ. ಧಾನ್ಯ ತನ್ನ ಸುತ್ತಲಿನ ಗಾಳಿಯೊಡನೆ ಸಮತೋಲಕ್ಕೆ ಬರುವವರೆಗೆ ತೇವವನ್ನು ಕೊಡುತ್ತದೆ ಅಥವಾ ಪಡೆಯುತ್ತದೆ. ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಅದು ಹಿಡಿದಿರುವ ಪಾಲು, ಶೇ. 70ರ ಸುತ್ತ ಇದ್ದರೆ ಭತ್ತ ಶೇ. 13ರಿಂದ 14ರ ತೇವಾಂಶದಲ್ಲಿ ನಿಲ್ಲುತ್ತದೆ, ಅದರಿಂದ ಮೇಲಕ್ಕೆ ಹೋದಂತೆ ಶಿಲೀಂಧ್ರಗಳಿಗೆ ದಾರಿ ತೆರೆಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ತುಂಬಿದ ತೊಗರಿಗೆ ಬೆರೆಸಿದ ಪುಡಿ ತಿಂಗಳುಗಟ್ಟಲೆ ತನ್ನ ಗುಣ ಉಳಿಸಿಕೊಳ್ಳುತ್ತದೆ, ಏಕೆಂದರೆ ಸಿಲಿಕ ಕೊಳೆಯುವ, ಆವಿಯಾಗುವ ವಸ್ತುವಲ್ಲ. ಆದರೆ ಉಡುಪಿ, ಉತ್ತರ ಕನ್ನಡ, ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಗಾಳಿಯಲ್ಲಿ ತೆರೆದ ಗೋಣಿಚೀಲದ ಕಾಳಿಗೆ ಹಾಕಿದ ಪುಡಿಯಿಂದ ಹೆಚ್ಚೇನನ್ನೂ ನಿರೀಕ್ಷಿಸಬಾರದು. ಅಲ್ಲಿ ಪುಡಿಯೂ ತೇವ ಕುಡಿಯುತ್ತದೆ, ಹಸಿಯಾದ ಕಾಳನ್ನು ತಿನ್ನುವ ಹುಳು ಕಳೆದುಕೊಂಡ ನೀರನ್ನು ಆಹಾರದಿಂದಲೇ ತುಂಬಿಕೊಳ್ಳುತ್ತದೆ. ಅಂತಹ ಊರುಗಳಲ್ಲಿ ನನ್ನ ಸಲಹೆ ಗಾಳಿಯಾಡದ ಪಾತ್ರೆಗೆ: ರಬ್ಬರ್ ಪಟ್ಟಿಯ ಮುಚ್ಚಳದ ಡ್ರಮ್, ಅಥವಾ ಒಳಗೆ ಪ್ಲಾಸ್ಟಿಕ್ ಪದರವಿರುವ, ಗಾಳಿ ನುಗ್ಗದ ಧಾನ್ಯದ ಚೀಲ. ಅವು ಹೊರಗಿನ ತೇವವನ್ನು ತಡೆಯುತ್ತವೆ, ಒಳಗಿನ ಹುಳುಗಳೇ ಆಮ್ಲಜನಕವನ್ನು ಖರ್ಚು ಮಾಡಿ ಉಸಿರುಗಟ್ಟುವಂತೆಯೂ ಮಾಡುತ್ತವೆ. ಒಣಗಿದ ಕಾಳಿಗೆ ಪುಡಿ ಬೆರೆಸಿ ಇಂತಹ ಪಾತ್ರೆಯಲ್ಲಿ ಮುಚ್ಚಿದರೆ ಪುಡಿ ಮಳೆಗಾಲದಲ್ಲಿಯೂ ಕೆಡುವುದಿಲ್ಲ.

ಮನೆಯೊಳಗಿನ ಜಿರಳೆ, ಇರುವೆಗಳಿಗೂ ಇದು ಉಪಯೋಗಕ್ಕೆ ಬರುತ್ತದೆ. ಸಿಂಕಿನ ಕೆಳಗೆ ಹಸಿಯಿಲ್ಲದ ಮೂಲೆ, ಕಪಾಟಿನ ಹಿಂಬದಿ, ಗೋಡೆಯ ಬಿರುಕುಗಳಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಹರಡಬೇಕು. ದಪ್ಪವಾಗಿ ಸುರಿದರೆ ಕೀಟಗಳು ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತವೆ. ತಿಗಣೆಗೆ ಪ್ರಯೋಗಾಲಯದಲ್ಲಿ ಸಿಕ್ಕ ಫಲ ಮನೆಗಳಲ್ಲಿ ಸಿಕ್ಕಿಲ್ಲ, ಇದೊಂದನ್ನೇ ನೆಚ್ಚಬಾರದು. ತೇವದ ಮಣ್ಣಿನೊಳಗೆ ಓಡಾಡುವ ಗೆದ್ದಲಿಗೂ, ಮೈಯೆಲ್ಲ ಲೋಳೆಯಿರುವ ಬಸವನಹುಳುವಿಗೂ ಇದರಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲ. ಕೋಳಿಗಳ ಮೈಹೇನು, ಉಣ್ಣಿಗಳಿಗೆ ಅವು ಧೂಳುಸ್ನಾನ ಮಾಡುವ ಜಾಗದಲ್ಲಿ ಬೆರೆಸುವುದುಂಟು. ದನಗಳಿಗೆ ತಿನ್ನಿಸಿದರೆ ಹೊಟ್ಟೆಯ ಜಂತು ಹೋಗುತ್ತದೆಂಬ ಪ್ರಚಾರಕ್ಕೆ ಮಾತ್ರ ಗಟ್ಟಿಯಾದ ಆಧಾರವಿಲ್ಲ, ಹೊಟ್ಟೆಯೊಳಗಿನ ತೇವವನ್ನು ನೆನೆದರೆ ಅದು ಆಶ್ಚರ್ಯವೂ ಅಲ್ಲ. ಬೆಳೆಗಳ ಎಲೆಯ ಮೇಲೆ ಉದುರಿಸಿದ ಪುಡಿ ಒಂದು ಮಳೆಗೆ, ದಟ್ಟ ಇಬ್ಬನಿಗೆ ಸೋಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೇಣದ ಪದರ ಎಲ್ಲ ಕೀಟಗಳಿಗೂ ಇದೆ. ಪುಡಿಗೆ ಮಿತ್ರ ಯಾರು ಶತ್ರು ಯಾರು ಎಂಬ ಭೇದ ತಿಳಿಯದು. ಹೂವಿರುವ ಗಿಡಕ್ಕೆ ಇದನ್ನು ಉದುರಿಸುವುದೆಂದರೆ ಜೇನುನೊಣ, ಗುಲಗಂಜಿ ಹುಳುಗಳನ್ನು ಕೊಲ್ಲುವುದು. ಸಹಜ ವಸ್ತು ಎಂಬ ಹೆಸರಿನಲ್ಲಿ ಇದನ್ನು ಮಾಡಬಾರದೆಂದು ತೋಟ ಇಟ್ಟುಕೊಂಡವರನ್ನು ಕೇಳಿಕೊಳ್ಳುತ್ತೇನೆ.

ಕೊಳ್ಳುವಾಗ ತೋರಬೇಕಾದ ಎಚ್ಚರ ಇನ್ನೂ ದೊಡ್ಡದು. ಸಹಜವಾದ ಡಯಾಟಮ್ ಮಣ್ಣಿನ ಸಿಲಿಕಕ್ಕೆ ಸ್ಫಟಿಕದ ರಚನೆ ಇರುವುದಿಲ್ಲ. ಈಜುಕೊಳ ಮತ್ತು ಕಾರ್ಖಾನೆಗಳ ಸೋಸುವಿಕೆಗೆಂದು ಅದನ್ನು 900 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿದ ಬಿಸಿಯಲ್ಲಿ ಸುಟ್ಟಾಗ ಅದರ ದೊಡ್ಡ ಭಾಗ ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ಸಿಲಿಕವಾಗಿ ಬದಲಾಗುತ್ತದೆ. ಉಸಿರಿನೊಡನೆ ಒಳಹೋಗುವ ಸ್ಫಟಿಕ ಸಿಲಿಕದ ಧೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕಾರಣ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಸುಟ್ಟ ಪುಡಿ ನಸುಗೆಂಪಾಗಿ, ಅಥವಾ ಸೋಡಾ ಬೆರೆಸಿ ಸುಟ್ಟಿದ್ದರೆ ಅಚ್ಚ ಬಿಳುಪಾಗಿ ಇರುವುದುಂಟು, ಆದರೆ ಬಣ್ಣವನ್ನಷ್ಟೇ ನಂಬುವಂತಿಲ್ಲ. ಫುಡ್ ಗ್ರೇಡ್ ಎಂಬ ಎರಡು ಪದಗಳೂ ಸಾಲವು, ಏಕೆಂದರೆ ಬಿಯರ್, ಎಣ್ಣೆ ಸೋಸುವ ಸುಟ್ಟ ಪುಡಿಯನ್ನೂ ಆ ಹೆಸರಿನಲ್ಲಿ ಮಾರಬಹುದು. ಸುಡದ ಸಹಜ ಪುಡಿಯೇ, ಸ್ಫಟಿಕ ಸಿಲಿಕ ಶೇ. 1ಕ್ಕಿಂತ ಕಡಿಮೆ ಇದೆಯೇ ಎಂದು ಕೇಳಿ ಬರಹದಲ್ಲಿ ನೋಡಬೇಕು. ನಮ್ಮ ದೇಶದಲ್ಲಿ ಕೀಟನಾಶಕವೆಂದು ಮಾರುವ ವಸ್ತುವಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕಾಗುವುದರಿಂದ ಲೇಬಲ್ಲಿನಲ್ಲಿ ಆ ಸಂಖ್ಯೆಯನ್ನೂ ಹುಡುಕಬೇಕು. ಒಳ್ಳೆಯ ಪುಡಿಯಾದರೂ ಧೂಳು ಧೂಳೇ: ಬೆರೆಸುವವರು ಎನ್95 ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಬೇಕು, ಫ್ಯಾನ್ ಆರಿಸಿರಬೇಕು, ಉಬ್ಬಸವಿರುವವರು ಮತ್ತು ಮಕ್ಕಳು ಹತ್ತಿರ ಇರಬಾರದು. ಕೈಯ ಚರ್ಮ ಒಣಗಿ ಬಿರಿಯದಂತೆ ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು.

ಮಾರಾಟಕ್ಕೆ ಇಟ್ಟ ಧಾನ್ಯಕ್ಕೆ ಪುಡಿ ಬೆರೆಸುವ ಮುನ್ನ ಕೊಳ್ಳುವವರನ್ನು ಕೇಳಬೇಕು. ಪುಡಿ ಹತ್ತಿದ ಕಾಳುಗಳು ಒಂದರ ಮೇಲೊಂದು ಸುಲಭವಾಗಿ ಜಾರದೆ ಸಡಿಲವಾಗಿ ನಿಲ್ಲುವುದರಿಂದ ಒಂದೇ ಅಳತೆಯ ಪಾತ್ರೆಯಲ್ಲಿ ತೂಗುವ ತೂಕ ಕಡಿಮೆಯಾಗುತ್ತದೆ, ದೊಡ್ಡ ಕಣಜಗಳ ಕೊಳವೆಗಳಲ್ಲಿ ಕಾಳು ಸರಾಗವಾಗಿ ಹರಿಯುವುದಿಲ್ಲ, ಯಂತ್ರದ ಭಾಗಗಳೂ ಬೇಗ ಸವೆಯುತ್ತವೆ. ದೊಡ್ಡ ಗೋದಾಮುಗಳು ಇದನ್ನು ಇಡೀ ರಾಶಿಗೆ ಬೆರೆಸಲು ಹಿಂಜರಿದು, ಖಾಲಿ ಗೋದಾಮಿನ ಗೋಡೆ, ನೆಲ, ಬಿರುಕುಗಳಿಗೆ ಅಥವಾ ರಾಶಿಯ ಮೇಲಿನ ಪದರಕ್ಕೆ ಮಾತ್ರ ಬಳಸುವುದು ಈ ಕಾರಣಕ್ಕೆ. ಬಿತ್ತನೆ ಬೀಜಕ್ಕೆ ಈ ತೊಂದರೆಗಳು ಯಾವುವೂ ಇಲ್ಲ, ಮೊಳಕೆಗೂ ಧಕ್ಕೆಯಿಲ್ಲ. ಆದ್ದರಿಂದ ಇದಕ್ಕೆ ಅತ್ಯಂತ ಒಪ್ಪುವ ಜಾಗ ಬೀಜದ ಡ್ರಮ್ ಎಂದು ನನ್ನ ಅಭಿಪ್ರಾಯ. ಅಡುಗೆಗೆ ತೆಗೆಯುವ ಕಾಳನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಎರಡು ಮೂರು ನೀರಿನಲ್ಲಿ ತೊಳೆದರೆ ಪುಡಿ ಹೋಗುತ್ತದೆ. ಗೋಧಿ, ಜೋಳಗಳನ್ನು ಗಿರಣಿಗೆ ಕಳಿಸುವ ಮೊದಲು ಜರಡಿ ಹಿಡಿಯುವುದನ್ನು ಮರೆಯಬಾರದು, ಏಕೆಂದರೆ ಅಲ್ಲಿ ತೊಳೆಯುವ ಹಂತವಿರುವುದಿಲ್ಲ, ಉಳಿದ ಪುಡಿ ಹಿಟ್ಟಿನೊಡನೆ ಸೇರುತ್ತದೆ, ಗಿರಣಿಯವರು ಅದರ ಧೂಳನ್ನು ಉಸಿರಾಡಬೇಕಾಗುತ್ತದೆ.